ಎಂಟು ಡಬ್ಬಿ ನೀಲಿ ಬಣ್ಣ

ಕೆವಾರಿ ದ್ವೀಪ, ಪ್ರಾರ್ಥನಾಲಯದ ಮಾಡಿನ ಮೇಲಿಂದ
ಮಾಡು ಮರಳಿ ಹೊದಿಸಿದ ಇನ್ನೂರ ಹನ್ನೊಂದನೆಯ ವರ್ಷ, ಕೈಯಾಡಿಸುವ ತಿಂಗಳ ನಲವತ್ತಮೂರನೆಯ ದಿನ

ಪ್ರೀತಿಯ ಹೆಪ್ಸಿ ಅಕ್ಕ,

ನಲವತ್ತಮೂರನೆಯ ದಿನ ಎಂದು ಬರೆದದ್ದು ಕೈತಪ್ಪಿ ಅಲ್ಲ. ಮಳೆಗೆ ಮುಂಚೆ ಮಾಡಿನ ಹಂಚುಗಳನ್ನೆಲ್ಲ ತೆಗೆದು, ಒರೆಸಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುವ ಕಾಲಕ್ಕೆ ನಾವು ಕೈಯಾಡಿಸುವ ತಿಂಗಳು ಎನ್ನುತ್ತೇವೆ. ಮೊದಲ ಮಳೆ ಬೀಳುವವರೆಗೆ ಆ ತಿಂಗಳು ಮುಗಿಯುವುದಿಲ್ಲ. ಒಮ್ಮೆ ಅರವತ್ತೆಂಟು ದಿನ ಎಳೆದದ್ದೂ ಉಂಟು. ನಿಮ್ಮ ಲೆಕ್ಕದಲ್ಲಿ ಇದು ಯಾವ ಇಸವಿ ಎಂದು ನೀನೇ ಕೂಡಿಸಿಕೋ. ನಾಳೆ ಬೆಳಿಗ್ಗೆ ನೀನು ಮಂಗಳೂರಿನ ಧಕ್ಕೆಯಲ್ಲಿ ಹಡಗು ಹತ್ತುತ್ತೀ. ಅಲ್ಲಿಂದ ಇನ್ನೂರ ಹನ್ನೊಂದು ವರ್ಷ ಈಚೆಗೆ ನಾನು ಕುಳಿತು ಬರೆಯುತ್ತಿದ್ದೇನೆ.

ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸು. ನಮ್ಮಲ್ಲಿ ಇದಕ್ಕೆ ಕನ್ನಡ ಎಂಬ ಹೆಸರಿಲ್ಲ, ಮಾಡಿನ ಮಾತು ಎನ್ನುತ್ತಾರೆ. ಮಾಡು ಹತ್ತುವವರು ಮಾತ್ರ ಇದನ್ನು ಕಲಿಯುತ್ತಾರೆ, ಏಕೆಂದರೆ ಇದನ್ನು ಇಲ್ಲಿ ಬಿಟ್ಟುಹೋದವಳು ನೀನು, ಮತ್ತು ನೀನು ಬಿಟ್ಟುಹೋದದ್ದು ಮಾಡಿನ ಮೇಲೆ. ಹಿಡಿ, ದಾಟಿಸು, ಮೆಲ್ಲ, ಕಾಲು ನೋಡಿ ಇಡು ಎನ್ನುವುದಕ್ಕೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಪ್ರೀತಿ ತೋರಿಸುವ ಮಾತುಗಳು ಕಡಿಮೆ. ಹಾಗಾಗಿ ಈ ಪತ್ರಕ್ಕಾಗಿ ನಾಲ್ಕು ತಿಂಗಳು ನಿಮ್ಮ ಕಾಲದ ಹಳೆಯ ಕಾಗದಗಳನ್ನು ಓದಿ ಕಲಿತೆ. ಆಗ ಒಂದು ಸಂಗತಿ ತಿಳಿದು ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಅತಿ ಗೌರವದ ಸಂಬೋಧನೆ ಎಂದರೆ "ಮಾರಾಯ್ರೆ". ಬಿಷಪ್ಪರು ಬಂದಾಗ ಊರಿಗೆ ಊರೇ ಎದ್ದು ನಿಂತು "ಬನ್ನಿ ಮಾರಾಯ್ರೆ" ಎನ್ನುತ್ತದೆ. ನೀನು ಅದನ್ನು ಹೇಳುತ್ತಿದ್ದದ್ದು ನಿಮ್ಮ ತಂಡದ ಮುಖ್ಯಸ್ಥ ಅಬ್ನೇರನಿಗೆ, ಅದೂ ರೇಗಿದಾಗ ಎಂದು ಈಗ ಗೊತ್ತಾಯಿತು. ಗೊತ್ತಾದರೂ ನಾವು ಬದಲಾಯಿಸುವುದಿಲ್ಲ. ನಿನ್ನನ್ನು ಏನೆಂದು ಕರೆಯಬೇಕು ಎಂಬುದಕ್ಕೂ ತಲೆ ಕೆರೆದುಕೊಂಡೆ. ನನಗೆ ಎಪ್ಪತ್ತೊಂದು, ನಿನಗೆ ಇಪ್ಪತ್ತು. ಆದರೆ ನೀನು ನನ್ನ ಮುತ್ತಜ್ಜಿಯ ಅಜ್ಜಿಯನ್ನು ಕಂಡವಳು. ಇಲ್ಲಿ ಮಗುವಿನಿಂದ ಮುದುಕನವರೆಗೆ ಎಲ್ಲರೂ ನಿನ್ನನ್ನು ಅಕ್ಕ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಈ ಪತ್ರ ಬರುವುದು ಎದುರುಹೊಳೆ ಅಂಚೆಯಲ್ಲಿ. ಕಾಲದ ನೀರಿಗೆ ಎದುರಾಗಿ ಹೋಗುವ ಅಂಚೆ ಅದು. ಒಂದು ಊರಿಗೆ ಒಂದು ತಲೆಮಾರಿನಲ್ಲಿ ಒಂದೇ ಪತ್ರ ಕಳಿಸುವ ಹಕ್ಕು. ಅದಕ್ಕೊಂದು ಕಟ್ಟುಪಾಡು ಇದೆ. ಓದಿದವರು ಸೂರ್ಯ ಮುಳುಗುವುದರೊಳಗೆ ಪತ್ರವನ್ನೆಲ್ಲ ಮರೆಯುತ್ತಾರೆ, ಕೊನೆಯ ಸಾಲೊಂದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಎಲ್ಲಿ ಕೇಳಿದ್ದು ಎಂದು ನೆನಪಿರುವುದಿಲ್ಲ, ಮಾತು ಮಾತ್ರ ಇರುತ್ತದೆ. ಹಾಗಾಗಿ ಮೇಲಿನದನ್ನೆಲ್ಲ ನಾನು ನನ್ನ ಸಂತೋಷಕ್ಕೆ ಬರೆಯುತ್ತಿದ್ದೇನೆ ಎಂದುಕೋ. ಕೊನೆಯ ಸಾಲು ಯಾವುದಿರಬೇಕು ಎಂದು ಊರಿನವರು ಹನ್ನೊಂದು ದಿನ ಜಗಳವಾಡಿದ್ದೇವೆ.

ಮೊದಲು ನಮ್ಮ ಊರು ನೋಡು. ಸಮುದ್ರ ಈಗ ಪ್ರಾರ್ಥನಾಲಯದ ಮೂರನೆಯ ಮೆಟ್ಟಿಲವರೆಗೆ ಬಂದಿದೆ. ಮನೆಗಳೆಲ್ಲ ಕಂಬದ ಮೇಲಿವೆ. ಜಗಲಿಯಲ್ಲಿ ಕುಳಿತು ಕಾಲು ಇಳಿಬಿಟ್ಟರೆ ಮೀನು ಬಂದು ಬೆರಳು ಕಚ್ಚುತ್ತದೆ. ಬಿಸಿಲುಹಾಯಿಯ ದೋಣಿಗಳಿವೆ, ಅವು ಬಿಸಿಲು ಕುಡಿದು ಗಾಳಿಯಿಲ್ಲದಾಗಲೂ ಓಡುತ್ತವೆ. ತರಕಾರಿ ಬೆಳೆಯುವುದು ತೇಲುವ ಚಾಪೆಗಳ ಮೇಲೆ. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವೂ ಇದೆ, ಆದರೆ ಆ ನೀರಿನಲ್ಲಿ ನಾವು ಪಾತ್ರೆ ತೊಳೆಯುತ್ತೇವೆ. ಕುಡಿಯುವುದು ಮಾತ್ರ ಮಾಡಿನ ನೀರು. ಹನ್ನೆರಡು ತುಂಬಿದ ಪ್ರತಿ ಮಗುವೂ ತುಂಬಿದ ಲೋಟ ಹಿಡಿದು ಬರಿಗಾಲಲ್ಲಿ ಮಾಡಿನ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಹಂಚು ಒಡೆಯಬಾರದು, ನೀರು ಚೆಲ್ಲಬಾರದು. ನನ್ನ ಮೊಮ್ಮಗಳು ಹೋದ ವರ್ಷ ನಡೆದಳು. ಒಂದು ಹನಿಯೂ ಚೆಲ್ಲಲಿಲ್ಲ. ನನ್ನ ಕುಟುಂಬ ಎಂದು ಹೊಗಳುತ್ತಿಲ್ಲ, ಊರೇ ನೋಡಿದೆ.

ಇನ್ನು ನಿನ್ನ ಕಥೆ. ನಿನಗೆ ಆಗಬೇಕಾದದ್ದು ನಮಗೆ ಆಗಿಹೋದದ್ದು, ಆದ್ದರಿಂದ ಆಗಿಹೋದ ಹಾಗೆಯೇ ಬರೆಯುತ್ತೇನೆ.

ನೀವು ಏಳು ಮಂದಿ, ಒಂದೇ ಕಾಲೇಜಿನ ಪ್ರಾರ್ಥನಾ ಕೂಟದವರು, ಹನ್ನೆರಡು ದಿನದ ಸುವಾರ್ತಾ ಸೇವೆಗೆಂದು ಕೆವಾರಿಗೆ ಬಂದಿರಿ. ಗಿಟಾರು, ಮಕ್ಕಳಿಗೆ ಗೊಂಬೆಯಾಟದ ಪೆಟ್ಟಿಗೆ, ಎಂಟು ಡಬ್ಬಿ ನೀಲಿ ಬಣ್ಣ. ಅಬ್ನೇರ್ ಕರ್ಕಡ ಹಡಗಿನಲ್ಲೇ ಪ್ರಸಂಗ ಬಾಯಿಪಾಠ ಮಾಡಿದ್ದ: ಮೊದಲ ಬಾರಿಗೆ ಯೇಸುವಿನ ಹೆಸರು ಕೇಳುವವರಿಗೆ ಹೇಳುವ ಪ್ರಸಂಗ. ದಡದಲ್ಲಿ ಇಳಿದರೆ ಎದುರಿಗೆ ಪ್ರಾರ್ಥನಾಲಯ, ಬಾಗಿಲ ಮೇಲೆ ಅದನ್ನು ಕಟ್ಟಿದ ವರ್ಷ. ಅವನ ಮುತ್ತಾತ ಹುಟ್ಟುವುದಕ್ಕೂ ಮುಂಚಿನ ವರ್ಷ ಅದು. ನಮ್ಮವರು ಆಗಲೇ ಏಳನೆಯ ತಲೆಮಾರಿನ ಕ್ರೈಸ್ತರು. ಪಾಪ, ಅವನು ಆ ಪ್ರಸಂಗವನ್ನು ಜೇಬಿನಲ್ಲೇ ಇಟ್ಟುಕೊಂಡ. ಆದರೆ ಸುಮ್ಮನೆ ಕೂರುವ ಹುಡುಗನಲ್ಲ. ಬಣ್ಣ ಇದೆಯಲ್ಲ, ಬಣ್ಣ ಹಚ್ಚೋಣ ಎಂದ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಮಾಡು ಮಾತ್ರ ಪಾಚಿ ಹಿಡಿದು ಕಪ್ಪಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ. ಎರಡನೆಯ ದಿನ ಏಣಿ ಇಟ್ಟ.

ಆ ಮಾಡು ನಮ್ಮ ಕೊಡ ಎಂದು ಅವನಿಗೆ ಗೊತ್ತಿರಲಿಲ್ಲ. ಹವಳದ ದ್ವೀಪದಲ್ಲಿ ಬಾವಿ ತೋಡಿದರೆ ಉಪ್ಪುನೀರು. ಮಾಡಿನಿಂದ ಇಳಿಯುವ ಮಳೆನೀರು ದಂಬೆಯಲ್ಲಿ ಹರಿದು ಹಿಂದಿನ ತೊಟ್ಟಿಗೆ ಬೀಳಬೇಕು, ಅದೇ ವರ್ಷವಿಡೀ ಕುಡಿಯುವ ನೀರು. ತೆಂಗಿನ ಮರ ಸೀಳಿ ಮಾಡಿದ ಆ ದಂಬೆಗಳನ್ನು ಆಗ ರಿಪೇರಿಗೆಂದು ಇಳಿಸಿದ್ದರು, ತೊಟ್ಟಿಗೆ ಮುಚ್ಚಳ ಹಾಕಿತ್ತು. ನೋಡಿದವರಿಗೆ ತಿಳಿಯುವಂತಿರಲಿಲ್ಲ. ಮಾಡು ಸೋರಿ ಸೋರಿ ಹಿಂದಿನ ಎರಡು ವರ್ಷ ತೊಟ್ಟಿ ತುಂಬಿರಲಿಲ್ಲ. ಆ ಮಳೆಗಾಲದಲ್ಲೂ ಗೋಡೆಯ ಕೆಂಪು ಗೆರೆಯವರೆಗೆ ನೀರು ಬರದಿದ್ದರೆ ಮೂವತ್ತೊಂದು ಮನೆಯವರೂ ದ್ವೀಪ ಬಿಟ್ಟು ದೊಡ್ಡ ದ್ವೀಪದ ಶೆಡ್ಡುಗಳಿಗೆ ಹೋಗಬೇಕು ಎಂದು ಸರಕಾರದ ನೋಟಿಸು ಬಂದಿತ್ತು. ಅಂಥ ಮಾಡಿನ ಒಂದು ಕಡೆಗೆ ನೀವು ಎರಡು ದಿನ ಹಾಡುತ್ತಾ ಎಣ್ಣೆಬಣ್ಣ ಬಳಿದಿರಿ.

ನಮ್ಮವರು ಏಕೆ ತಡೆಯಲಿಲ್ಲ ಎಂದು ಕೇಳುತ್ತೀ. ಬಂದ ಅತಿಥಿಯ ಕೈಯನ್ನು ಮೂರು ದಿನ ಹಿಡಿಯಬಾರದು ಎಂಬುದು ಆಗಿನ ನಮ್ಮ ಪದ್ಧತಿ. ಮೂವತ್ತೊಂದು ಮನೆಯವರು ಮರದ ನೆರಳಲ್ಲಿ ಕುಳಿತು, ತಾವು ಕುಡಿಯುವ ನೀರಿಗೆ ಬಣ್ಣ ಬೀಳುವುದನ್ನು ನೋಡುತ್ತಾ, ನಿಮಗೆ ಎಳನೀರು ಕೆತ್ತಿ ಕೊಟ್ಟರು. ನನ್ನ ಮುತ್ತಜ್ಜಿಯ ಅಜ್ಜಿ ಒನಾ ನೊವಾಲಿ ಆಗ ಊರಿನ ಹಿರಿಯಳು. ನೀನೇ ಕಲಿಸಿದ ಗಾದೆಯಲ್ಲಿ ಹೇಳುವುದಾದರೆ, ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಅವಳು ತೊಟ್ಟಿಯ ಪಕ್ಕದಲ್ಲೇ ಕಾಯುತ್ತಾ ಕುಳಿತಳು. ನಾಲ್ಕನೆಯ ದಿನ ಬೆಳಿಗ್ಗೆ ನಿಮ್ಮನ್ನು ಅಲ್ಲಿಗೆ ಕರೆದು ಮುಚ್ಚಳ ತೆಗೆಸಿದಳು. ಶಾಲೆಯ ಮೇಷ್ಟ್ರು ಅವಳ ಮಾತನ್ನು ನಿಮಗೆ ತಿಳಿಸಿದರು.

"ಬಣ್ಣ ಚಂದ ಇದೆ ಮಕ್ಕಳೇ. ಆದರೆ ನೀವು ಹಚ್ಚಿದ್ದು ನಾವು ನೀರು ಕುಡಿಯುವ ಕೊಡಕ್ಕೆ."

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ನಿನಗೆ ತೋಚಿತ್ತು, ಎರಡನೆಯ ದಿನದಿಂದಲೇ ತೋಚಿತ್ತು. ಏಣಿ ಹತ್ತಿದ ಕೂಡಲೇ ಹಂಚು ನೋಡಿ ಅದು ನಿನ್ನ ಊರಿನದೇ ಎಂದು ಗುರುತಿಸಿದ್ದೆ. ಹಳೆಯ ಕಾಲದ ಹಾಯಿಹಡಗಿನಲ್ಲಿ ಬಂದ ಮಂಗಳೂರು ಹಂಚು. ಕಾಲಿಟ್ಟಾಗ ಮಾಡು ಅಲುಗಿದ್ದೂ ನಿನಗೆ ತಿಳಿದಿತ್ತು. ಆದರೆ ಅಪ್ಪ ಏನು ಮಾಡುತ್ತಾರೆ ಎಂದು ಗೆಳತಿಯರು ಕೇಳಿದಾಗಲೆಲ್ಲ ಕಟ್ಟಡದ ಕಂಟ್ರಾಕ್ಟು ಎಂದು ಹೇಳಿದ್ದೆ ನೀನು. ಹಂಚಿನ ವಿಷಯ ಬಾಯಿಬಿಟ್ಟರೆ ಅದೂ ಹೊರಬೀಳುತ್ತದೆ ಎಂದು ಸುಮ್ಮನಿದ್ದೆ. ಇದನ್ನೆಲ್ಲ ನೀನೇ ಮುಂದೆ ಒನಾ ಅಜ್ಜಿಗೆ ಅಳುತ್ತಾ ಹೇಳಿದೆ. ಅವಳು ಮಗಳಿಗೆ ಹೇಳಿದಳು. ಹಾಗೆ ನನ್ನವರೆಗೆ ಬಂದಿದೆ. ಆ ಬೆಳಿಗ್ಗೆ ಮಾತ್ರ ಎಲ್ಲರ ಎದುರಿಗೆ ಹೇಳಿಬಿಟ್ಟೆ.

"ನನ್ನ ಅಪ್ಪ ಹಂಚು ಹೊದಿಸುವವರು. ಏಳನೇ ಕ್ಲಾಸಿನಿಂದ ನಾನು ಅವರೊಟ್ಟಿಗೆ ಮಾಡು ಹತ್ತಿದ್ದೇನೆ. ಎಲ್ಲ ಇಳಿಸಲೇಬೇಕು ಮಾರಾಯ್ರೆ, ಬೇರೆ ದಾರಿ ಇಲ್ಲ."

ಎರಡು ಸಾವಿರದ ಎಂಟುನೂರು ಹಂಚು. ಊರಿನವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಇಳಿಸಿದರು. ಬಣ್ಣ ಹತ್ತಿದವನ್ನು ಹವಳದ ಕಲ್ಲಿನಿಂದ ತಿಕ್ಕಿದರು, ಹೆಂಗಸರ ಅಂಗೈಗಳು ಹಬ್ಬಕ್ಕೆ ಬಣ್ಣ ಹಚ್ಚಿದ ಹಾಗೆ ನೀಲಿಯಾದವು. ಹಂಚು ತೆಗೆದಾಗ ನಡುವಿನ ತೊಲೆ ಕಂಡಿತು. ಹೊರಗಿನಿಂದ ಗಟ್ಟಿ, ಒಳಗೆಲ್ಲ ಗೆದ್ದಲು. ಹಳೆಯ ದೋಣಿಯೊಂದರ ಹಾಯಿ ಕಟ್ಟುವ ಕೂವೆಮರ ಇಳಿಸಿ ಹೊಸ ತೊಲೆ ಮಾಡಿದಿರಿ. ಅಷ್ಟರಲ್ಲಿ ಹನ್ನೆರಡನೆಯ ದಿನ ಬಂತು, ಹಡಗೂ ಬಂತು. ಮುಂದಿನ ಹಡಗು ಮಳೆಗಾಲ ಕಳೆದ ಮೇಲೆ. ನಿಮಗೆ ಪರೀಕ್ಷೆಗಳಿದ್ದವು. ಹೋಗಿ ಮಕ್ಕಳೇ, ಉಳಿದದ್ದು ನಾವು ಮಾಡಿಕೊಳ್ಳುತ್ತೇವೆ ಎಂದು ಒನಾ ಅಜ್ಜಿ ಹೇಳಿದಳು. ಮಾಡಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ನೀನು ಮಾಡಿನಿಂದ ಇಳಿಯಲೇ ಇಲ್ಲ. ಅಲ್ಲಿಂದಲೇ ಹೇಳಿದೆ:

"ತೆಗೆದ ಹಂಚು ವಾಪಸು ಹೊದಿಸದೆ ಇಳಿಯುವ ಕ್ರಮ ನಮ್ಮಲ್ಲಿ ಇಲ್ಲ."

ಇದು ಇಂದು ನಮ್ಮ ದ್ವೀಪದ ಮೊದಲ ಕಾನೂನು. ಮದುವೆಯಲ್ಲಿ ಗಂಡುಹೆಣ್ಣು ಇದನ್ನೇ ಹೇಳುತ್ತಾರೆ.

ಐವರು ಹೋದರು. ನೀನು ಉಳಿದೆ, ಅಬ್ನೇರ್ ಉಳಿದ. ಹಡಗು ಹೋದ ಆರನೆಯ ದಿನ ತೊಲೆ ಏರಿಸುವಾಗ ಅವನು ಬಿದ್ದ. ಮೊಣಕಾಲು ಮುರಿಯಿತು. ಡಾಕ್ಟರಿಲ್ಲ, ಹಡಗಿಲ್ಲ, ಊರಿನ ನಾಟಿವೈದ್ಯ ಕಟ್ಟಿದ ಕಾಲು ಸೊಟ್ಟವಾಗಿಯೇ ಕೂಡಿತು, ಜೀವಮಾನವಿಡೀ ಕುಂಟಿದ. ಹಡಗು ಹೋದ ಹತ್ತೊಂಬತ್ತನೆಯ ದಿನ ಕೊನೆಯ ಸಾಲು ಹಂಚು ಕೂರಿಸುತ್ತಿರುವಾಗ ಮೊದಲ ಮಳೆ ಬಿತ್ತು. ಮೊದಲ ನೀರನ್ನು ಕಡಲಿಗೆ ಬಿಟ್ಟು, ಎರಡನೆಯ ದಿನದ ನೀರನ್ನು ತೊಟ್ಟಿಗೆ ತಿರುಗಿಸಿ, ಊರಿಗೆ ಊರೇ ಸುತ್ತ ನಿಂತು ಪ್ರಾರ್ಥಿಸಿತು. ಆ ವರ್ಷ ಗಾಳಿಯೂ ಬಂತು, ತೆಂಗುಗಳು ಬುಡಸಮೇತ ಹೋದವು. ಮಾಡು ನಿಂತಿತು. ನೀರು ಕೆಂಪು ಗೆರೆ ದಾಟಿ ನಾಲ್ಕು ಬೆರಳು ಮೇಲಕ್ಕೆ ಬಂತು. ನಾವು ಎಲ್ಲಿಗೂ ಹೋಗಲಿಲ್ಲ. ಇನ್ನೂರ ಹನ್ನೊಂದು ವರ್ಷವಾಯಿತು, ಇಲ್ಲೇ ಇದ್ದೇವೆ.

ಮಳೆಗಾಲ ಕಳೆದ ಮೇಲೆ ಬಂದ ಹಡಗಿನಲ್ಲಿ ನೀವಿಬ್ಬರೂ ಊರಿಗೆ ಹೋದಿರಿ, ಅಬ್ನೇರ್ ವರದಿ ಬರೆದ. ಎಷ್ಟು ಮಂದಿ ನಂಬಿಕೆಗೆ ಬಂದರು ಎಂಬ ಅಂಕಣದಲ್ಲಿ ಸೊನ್ನೆ. ಅದರ ಪ್ರತಿಯೊಂದನ್ನು ನಾವು ಪ್ರಾರ್ಥನಾಲಯದ ಬಾಗಿಲಲ್ಲಿ ತೂಗುಹಾಕಿದ್ದೇವೆ. ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಸುಳ್ಳು ಹೇಳದ ಹುಡುಗ. ಈಗ ನಮ್ಮ ಮಕ್ಕಳೂ ಪ್ರತಿ ವರ್ಷ ಏಳು ಮಂದಿಯ ತಂಡವಾಗಿ ಹನ್ನೆರಡು ದಿನದ ಸೇವೆಗೆ ಹೋಗುತ್ತಾರೆ. ಮೊದಲ ಮೂರು ದಿನ ಅವರು ಯಾವ ಸಾಮಾನನ್ನೂ ಕೈಯಲ್ಲಿ ಹಿಡಿಯುವಂತಿಲ್ಲ, ಕೇಳುತ್ತಾ ತಿರುಗಬೇಕು. ಹೋದ ವರ್ಷ ನಿನ್ನ ಊರಿಗೇ ಹೋಗಿದ್ದರು. ಅಲ್ಲಿ ಹಂಚು ಹೊದಿಸಲು ಬಲ್ಲವರು ಒಬ್ಬರೂ ಉಳಿದಿರಲಿಲ್ಲವಂತೆ. ನಮ್ಮ ಮಕ್ಕಳು ಹೊದಿಸಿ, ಕಲಿಸಿ ಬಂದರು.

ಈಗ ಜಗಳದ ವಿಷಯ. ಕೊನೆಯ ಸಾಲಿನಲ್ಲಿ ಬಣ್ಣ ತರಬೇಡ ಎಂದು ಬರೆಯಿರಿ, ಅಬ್ನೇರನ ಕಾಲು ಉಳಿಯಲಿ ಎಂದು ಕಿರಿಯರು ಹಟ ಹಿಡಿದರು. ಬಣ್ಣ ಬರದಿದ್ದರೆ ಹಂಚು ಇಳಿಯದು, ತೊಲೆ ಕಾಣದು, ಗಾಳಿಗೆ ಮಾಡು ಬೀಳುತ್ತದೆ, ನಾವೇ ಇರುವುದಿಲ್ಲ ಎಂದು ಹಿರಿಯರು. ಎರಡೂ ನಿಜ. ನಾನು ಮಾಡಿನ ಹಿರಿಯಳು, ತೀರ್ಮಾನ ನನ್ನದು, ನನಗೆ ನಿದ್ದೆ ಬರಲಿಲ್ಲ. ಹೋದ ವಾರ ಮಾಡಿನ ನೆತ್ತಿಯ ಗಾರೆ ಬಿರುಕು ಬಿಟ್ಟಿತು. ವರ್ಷವರ್ಷ ಹಂಚು ತೆಗೆದರೂ ನೆತ್ತಿಯ ಸಾಲನ್ನು ಮಾತ್ರ ಬಿಡುತ್ತೇವೆ, ನಿಮ್ಮ ಕಾಲದಿಂದ ಯಾರೂ ಮುಟ್ಟದ ಗಾರೆ ಅದು. ಬಿಡಿಸಿ ಒಂದು ಹಂಚು ತೆಗೆದರೆ ಅದರ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಅಕ್ಷರ. ಮುರಿದ ಕಾಲು ಚಾಚಿಕೊಂಡು ಕೆಳಗೆ ಕುಳಿತು ಹಂಚು ಒರೆಸುತ್ತಿದ್ದಾಗ ಅಬ್ನೇರ್ ಬರೆದದ್ದಿರಬೇಕು. ಬಣ್ಣದ ಬಗ್ಗೆ ಒಂದು ಮಾತಿಲ್ಲ, ಕಾಲಿನ ಬಗ್ಗೆಯೂ ಇಲ್ಲ. ಎರಡೇ ಸಾಲು: "ಮೊದಲ ದಿನ ಹೆಪ್ಸಿಬಾ ಹೇಳಲಿಲ್ಲ. ನಾನು ಕೇಳಲಿಲ್ಲ."

ಊರಿನವರಿಗೆ ಅದನ್ನು ಓದಿ ಹೇಳಿದೆ. ಜಗಳ ಅಲ್ಲಿಗೇ ನಿಂತಿತು. ಕೊನೆಯ ಸಾಲು ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು.

ಆ ಸಾಲಿನಂತೆ ನೀನು ನಡೆದರೆ ಬಹುಶಃ ಬಣ್ಣದ ಡಬ್ಬಿ ತೆರೆಯುವುದೇ ಇಲ್ಲ, ತೊಲೆಯನ್ನು ನೀನೇ ಕಂಡು ಹಿಡಿಯುತ್ತೀ, ಹಡಗು ತಪ್ಪುವುದಿಲ್ಲ, ಯಾರೂ ಬೀಳುವುದಿಲ್ಲ. ಆಗ ನಮ್ಮ ಕೈಯಾಡಿಸುವ ತಿಂಗಳು ಇರುತ್ತದೋ, ಮಾಡಿನ ಮಾತು ಇರುತ್ತದೋ, ನಾಳೆ ನನಗೆ ಈ ಕಾಗದ ಓದಲು ಬರುತ್ತದೋ ತಿಳಿಯದು. ಹೋಗುವುದಿದ್ದರೆ ಹೋಗಲಿ. ಮಾಡು ನಿಲ್ಲುತ್ತದೆ, ನಿನ್ನ ಕೈಗೆಲಸದ ಕೆಳಗೆ ಎಪ್ಪತ್ತೊಂದು ವರ್ಷ ಒದ್ದೆಯಾಗದೆ ಪ್ರಾರ್ಥಿಸಿದವಳು ಹೇಳುತ್ತಿದ್ದೇನೆ. ನಿನ್ನ ಅಪ್ಪನ ಹೆಸರು ಯಾರೂ ಬರೆದಿಟ್ಟಿಲ್ಲ, ನಮಗೆ ಅದೊಂದೇ ಕೊರತೆ. ತೊಟ್ಟಿಯ ಮೊದಲ ನೀರು ಕುಡಿಯುವಾಗ ನಾವು ಅವರನ್ನು ಮಂಗಳೂರಿನ ಅಪ್ಪ ಎಂದೇ ನೆನೆಯುತ್ತೇವೆ.

ಇಂತು ನಿನ್ನ ತಂಗಿ,
ಸಲೋಮಿ ನೊವಾಲಿ,
ಕೆವಾರಿಯ ಮಾಡಿನ ಹಿರಿಯಳು

ಹೆಪ್ಸಿ ಅಕ್ಕ, ನಿನ್ನ ಅಪ್ಪ ಹಂಚು ಹೊದಿಸುವವರು ಎಂದು ಮೊದಲ ದಿನವೇ ಹೇಳು.