ಟೇಬಲ್ಲಿನ ಮೇಲಿನ ಕರಡಿಗೆ

ಫೆಬ್ರವರಿ ೧೦, ಬೆಳಿಗ್ಗೆ

ಮತ್ತೆ ಉಪ್ಪಿಟ್ಟು. ಮತ್ತೆ ತಣ್ಣಗೆ. ಮೈದಾನದ ತುಂಬ ಡೇರೆ, ಡೇರೆಯ ತುಂಬ ಕೆಮ್ಮು. ಭೂಕಂಪವಾದದ್ದು ಮೊನ್ನೆ. ಆಗಲೇ ಧಾರವಾಡದ ಅರ್ಧ ಜನ ವಿಜ್ಞಾನಿಗಳು, ಉಳಿದರ್ಧ ಜ್ಯೋತಿಷಿಗಳು. ಸಪ್ತಾಪುರದಲ್ಲಿ ಎಂಜಿನಿಯರ್ ಒಬ್ಬ ಬಿರುಕುಬಿಟ್ಟ ಮನೆಗಳಿಗೆ ಕೆಂಪು ಕ್ರಾಸ್ ಬಳಿಯುತ್ತಿದ್ದಾನೆ. ನಮ್ಮದಕ್ಕೂ ಬಳಿದ. ಛಾವಣಿಯೇ ನೆಲಕ್ಕೆ ಬಂದು ಕೂತಿದೆ, ಅಪಾಯ ಅಂತ ಹೇಳಲು ಇವನೇ ಬೇಕಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ.

ಅತ್ತೆ ಉಪ್ಪಿಟ್ಟು ಮುಟ್ಟಲಿಲ್ಲ. ನೀರೂ ಇಲ್ಲ. ಅವರನ್ನು ಕೋಣೆಯಿಂದ ಎಳೆದು ತರುವಾಗ ಶಿವದಾರ ಹರಿದು, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಒಳಗೇ ಬಿತ್ತು. ಅದರೊಳಗಿನ ಲಿಂಗ ಅಂಗೈಗೆ ಬಂದು ಪೂಜೆಯಾಗದೆ ಗುಟುಕು ನೀರೂ ಇಳಿಸುವವರಲ್ಲ. ಎಪ್ಪತ್ತಾರು ವಯಸ್ಸು. ಜೀವ ಉಳಿದದ್ದು ಸಾಲದಂತೆ.

ಅದೇ ದಿನ, ಸಂಜೆ

ಮಠದ ಅಯ್ಯನವರು ಬಂದರು, ಹಿಂದೆ ಕ್ಯಾಮೆರಾದವರು. ಹೊಸ ಲಿಂಗ ಕಟ್ಟುತ್ತೇವೆ ಅಂದರು. ಅತ್ತೆ ಜಗ್ಗಲಿಲ್ಲ.

"ನಂದು ಹೋಗೇತಿ ಅಂತ ಯಾರು ಹೇಳಿದ್ರಿ? ಮಣ್ಣಾಗ ಐತಿ. ಗಂಡ ಬದುಕಿದ್ದಾಗ ಇನ್ನೊಂದು ತಾಳಿ ಕಟ್ಟಿಸ್ಕೊಳ್ಳೂದೇನ್ರಿ?"

ಅಯ್ಯನವರು ಪಕ್ಕದ ಡೇರೆಗೆ ನಡೆದರು. ಕ್ಯಾಮೆರಾನೂ.

ಶಿವಯೋಗೀಶನಿಗೆ ಹೇಳಿದೆ. ನನ್ನ ಗಂಡ, ಅವರ ಒಬ್ಬನೇ ಮಗ. "ಅವ್ವನ ಸ್ವಭಾವ ನಿನಗ ಗೊತ್ತಿಲ್ಲೇನ?" ಅಂದು ಮೊಬೈಲ್ ಚಾರ್ಜ್ ಮಾಡಲು ಹೋದ. ಅವನು ಕೆಲಸ ಮಾಡುವ ಕಂಪನಿಯಿಂದ, ಇಲ್ಲೇ ಬೇಲೂರು ಇಂಡಸ್ಟ್ರಿಯಲ್ ಏರಿಯಾದ್ದು, ಮೆಸೇಜ್ ಬಂದಿದೆಯಂತೆ — ಮಷಿನ್ನುಗಳೆಲ್ಲ ಕ್ಷೇಮ, ಡ್ಯೂಟಿಗೆ ಬನ್ನಿ. ನೀವು ಕ್ಷೇಮವೇ ಅಂತ ಕೇಳಿಲ್ಲ.

ಫೆಬ್ರವರಿ ೧೧

ಅತ್ತೆಯ ನಾಲಿಗೆ ಒಣಗಿದೆ. ಮಾತು ತೊದಲುತ್ತಿದೆ. ಇವತ್ತು ನೀರು ಹೋಗದಿದ್ದರೆ ಕಿಡ್ನಿ ನಿಲ್ಲುತ್ತದೆ ಅಂದರು ಕ್ಯಾಂಪ್ ಡಾಕ್ಟರ್. ಸಲೈನ್ ಹಚ್ಚಿದರೆ ಕಿತ್ತು ಒಗೆದರು.

ಗೇಟಿನ ಹತ್ತಿರ ಒಂದು ಟೇಬಲ್ಲು. ಮಣ್ಣಿನಲ್ಲಿ ಸಿಕ್ಕಿದ್ದೆಲ್ಲ ಅಲ್ಲಿಡುತ್ತಾರೆ. ಬೀಗದ ಕೈ, ಕನ್ನಡಕ, ಯಾರದೋ ಹಲ್ಲಿನ ಸೆಟ್ಟು. ಒಂದಿಷ್ಟು ಕರಡಿಗೆಗಳೂ. ಅತ್ತೆಯದು ಇರಲಿಲ್ಲ. ಅದರ ಮುಚ್ಚಳಕ್ಕೆ ನೆಗ್ಗು ಇತ್ತು, ನನಗೆ ಗೊತ್ತು. ಅಷ್ಟೇ ದೊಡ್ಡದೊಂದು ಇತ್ತು.

"ಗುರುತು ಹೇಳ್ರಿ," ಅಂದಳು ಸ್ವಯಂಸೇವಕಿ, ಸೆಲ್ಫಿ ನೋಡುತ್ತ.

"ಬೆಳ್ಳಿದು."

ಕೊಟ್ಟಳು! ಇಂಥವರ ಕೈಗೆ ಊರು ಕೊಟ್ಟಿದ್ದಾರೆ.

ಹೊಸ ದಾರ ಪೋಣಿಸಿದೆ. "ಸಿಕ್ತ್ರಿ ಅತ್ತಿ. ನಾನ ಮನ್ಯಾಗ ಹೊಕ್ಕು ತಂದೆ. ಮುಚ್ಚಳ ಬ್ಯಾರೆ ಹಾಕಿಸೇನಿ." ತೆಗೆದು ಅಂಗೈಯಲ್ಲಿಟ್ಟುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಪೂಜೆ ಮಾಡಿದರು. ನೀರು ಕುಡಿದರು. ಗಂಜಿ ಉಂಡರು.

ನಂಬಿಕೆ ಅಂದರೆ ಇಷ್ಟೇ. ಕೆಮಿಸ್ಟ್ರಿ ಕಲಿಸುವವಳು ನಾನು, ಇಪ್ಪತ್ತು ವರ್ಷ ಈ ಮುದುಕಿಯೊಂದಿಗೆ ವಾದಿಸಿ ಸೋತಿದ್ದೆ. ಒಂದು ಸುಳ್ಳಿಗೆ ಗೆದ್ದೆ. ಖುಷಿಯಾಯಿತು.

ಫೆಬ್ರವರಿ ೨೪

ಊರು ಚೇತರಿಸಿಕೊಂಡಿದೆಯಂತೆ. 'ಪುಟಿದೆದ್ದ ಧಾರವಾಡ' ಅಂತ ಬ್ಯಾನರ್, ಅದರ ಕೆಳಗೇ ಗಂಡಸರು ಉಚ್ಚೆ ಹೊಯ್ಯುತ್ತಾರೆ. ಪೇಢೆ ಅಂಗಡಿ ಬಾಗಿಲಿಲ್ಲದೆಯೇ ಶುರುವಾಗಿದೆ — ಎಂಥ ಕ್ಯೂ! ಸಪ್ತಾಪುರದ ಮಾಲೀಕರು ಕೆಂಪು ಕ್ರಾಸಿನ ಮೇಲೆ ಸುಣ್ಣ ಹೊಡೆದು 'ರೂಮು ಬಾಡಿಗೆಗಿದೆ' ಬೋರ್ಡು ತೂಗುಹಾಕಿದ್ದಾರೆ. ಕೋಚಿಂಗ್ ಕ್ಲಾಸಿನ ಹುಡುಗರು ಬಂದು ವೈಫೈ ಇದೆಯಾ ಅಂತ ಕೇಳುತ್ತಾರೆ. ಪಿಲ್ಲರ್ ಇದೆಯಾ ಅಂತ ಕೇಳುವುದಿಲ್ಲ.

ನಮ್ಮ ಓಣಿಯ ನೀಲಕಂಠಪ್ಪ ಆಸ್ಪತ್ರೆಯಿಂದ ಬಂದ. ಹತ್ತಿ ವ್ಯಾಪಾರಿ, ಅತ್ತೆಯ ಓರಗೆಯವ. ಕಾಲಿಗೆ ಪ್ಲಾಸ್ಟರ್. ಮೂಗಿನ ನಳಿಕೆಯಲ್ಲಿ ಆಹಾರ ಕೊಟ್ಟರಂತೆ, ಅವನ ಲಿಂಗವೂ ಕಳೆದಿದೆ, ಬಾಯಿಗೆ ಏನೂ ಮುಟ್ಟಿಸಿಲ್ಲ. ನೇರ ಟೇಬಲ್ಲಿಗೆ ಹೋದ. ಒಂದೊಂದೇ ಕರಡಿಗೆ ತೆರೆದು ನೋಡಿದ. ಇಲ್ಲ. ಅಲ್ಲೇ ನೆಲಕ್ಕೆ ಕುಸಿದ.

ಅತ್ತೆ ಡೇರೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಕೈ ಎದೆಯ ಮೇಲಿತ್ತು.

ಫೆಬ್ರವರಿ ೨೫

ಬೆಳಿಗ್ಗೆ ಪೂಜೆ ಮಾಡಲಿಲ್ಲ. ನನ್ನ ತೋಳು ಹಿಡಿದು ಅವನಲ್ಲಿಗೆ ನಡೆದರು. ಕೊರಳಿಂದ ತೆಗೆದುಕೊಟ್ಟರು.

"ಇದು ನಿಮ್ದೇನ ನೋಡ್ರಿ. ಗದ್ದಲದಾಗ ಅದಲಿಬದಲಿ ಆಗೇತಿ. ಯಾರದೂ ತಪ್ಪಲ್ಲ."

ಅವನು ತೆರೆದ. ಕಣ್ಣಿಗೊತ್ತಿಕೊಂಡು ಗೊಳೋ ಅಂತ ಅತ್ತ. ನಾನು ಬೇರೆ ಕಡೆ ನೋಡಿದೆ.

ವಾಪಸ್ ಬರುತ್ತ ಕೇಳಿದೆ. "ಯಾವಾಗ ಗೊತ್ತಾತ್ರಿ?"

"ಅಂಗೈಯಾಗ ಇಟ್ಕೊಂಡ ಕೂಡ್ಲೆ."

"ಮತ್ತ ಯಾಕ ಉಂಡ್ರಿ?"

"ನೀ ಮನಿಗೆ ಬಂದಾಗಿಂದ ಬರೇ ಖರೇ ಹೇಳಿ ಚುಚ್ಚಿದಿ. ನಾ ಬದುಕ್ಲಿ ಅಂತ ಸುಳ್ಳು ಹೇಳಿದ್ದು ಇದ ಮೊದಲು. ಅದನ್ನ ಹ್ಯಾಂಗ ಒಲ್ಲೆ ಅನ್ಲಿ?"

ಡೇರೆಗೆ ಬಂದು ನೀರಿನ ಲೋಟ ಬದಿಗೆ ಸರಿಸಿದರು. ಮತ್ತೆ ಶುರು.

ವಿಪರೀತ ಸಿಟ್ಟು ಬರುತ್ತಿದೆ. ನಾನು ಗೆದ್ದೆ ಅಂದುಕೊಂಡು ಬೀಗುತ್ತಿದ್ದಾಗ ಆ ಮುದುಕಿ ನನ್ನ ಮೇಲಿನ ಪ್ರೀತಿಗೆ ತನ್ನ ವ್ರತ ಮುರಿದು ಸುಮ್ಮನೆ ಕೂತಿತ್ತು. ಇಂಥ ಅವಮಾನ ನನಗೆ ಯಾರೂ ಮಾಡಿರಲಿಲ್ಲ.

ಫೆಬ್ರವರಿ ೨೬, ಸಪ್ತಾಪುರ, ಮನೆಯ ಮುಂದೆ

ಇವತ್ತು ನಮ್ಮ ಓಣಿಗೆ ಜೆಸಿಬಿ. ಮಣ್ಣೆಲ್ಲ ಬಳಿದು ಟಿಪ್ಪರಿಗೆ ಹಾಕಿ ಊರಾಚೆ ಸುರಿಯುತ್ತಾರೆ. ಕ್ಯಾಂಪಿನ ಅಡುಗೆಯ ಶಮೀಮನ ಹತ್ತಿರ ಹಿಟ್ಟಿನ ಜರಡಿ ಇಸಿದುಕೊಂಡು ನಸುಕಿಗೇ ಬಂದೆ. "ಹುಚ್ಚೇನ ನಿನಗ?" ಅಂದ ಶಿವಯೋಗೀಶ. ಕಂಪನಿ ಬಸ್ ಹತ್ತಿದ. ಹೋಗಲಿ.

ಬಾಗಿಲು, ಕಪಾಟು, ಮಂಚದ ಕಾಲಿನ ತನಕ ಜರಡಿ ಹಿಡಿದಾಯಿತು. ಗುಂಡಿಗಳು, ಚಮಚ, ನನ್ನ ಎಂಎಸ್ಸಿ ಪದವಿಯ ಫ್ರೇಮಿನ ಗಾಜು. ಉಳಿದದ್ದು ಅತ್ತೆಯ ಕಿಟಕಿಯ ಮೂಲೆ.

ಜೆಸಿಬಿಯವನು ಹಾರ್ನ್ ಹೊಡೆಯುತ್ತಿದ್ದಾನೆ. "ಏನ್ ಹುಡುಕಾಕತ್ತೀರ್ರಿ ಮೇಡಂ? ಬಂಗಾರೇನ?"

"ಕಲ್ಲು," ಅಂದೆ.

ನಕ್ಕ. ನಗಲಿ. ಅವನ ಬಕೆಟ್ಟಿನ ಮುಂದೆಯೇ ಕೂತು ಇದನ್ನು ಬರೆಯುತ್ತಿದ್ದೇನೆ, ದಣಿವಾರುವ ತನಕ. ನಿನ್ನೆಯಿಂದ ನನ್ನ ಹೊಟ್ಟೆಗೂ ಏನೂ ಹೋಗಿಲ್ಲ. ಚಹಾನೂ ಇಲ್ಲ. ಭಕ್ತಿ ಅಂತ ಯಾರೂ ತಿಳಿಯಬೇಕಿಲ್ಲ — ಪುರುಸೊತ್ತು ಸಿಗಲಿಲ್ಲ, ಅಷ್ಟೇ. ನೀರಿನ ಬಾಟಲಿ ಪಕ್ಕದಲ್ಲೇ ಇದೆ. ಆ ಮೂಲೆ ಒಂದು ಮುಗಿಯಲಿ, ಆಮೇಲೆ ಕುಡಿಯುತ್ತೇನೆ.