ಗೊಬ್ಬರದ ಲೈಸೆನ್ಸಿನ ಪಕ್ಕ

ಹಾಸ್ಟೆಲ್ ರೂಮಿನಿಂದ
11-8-2025, ಸೋಮವಾರ

ಪ್ರೀತಿಯ ಅಮ್ಮನಿಗೆ ಮೊಂಡು ಮಗಳು ಶೃತಿಯ ನಮಸ್ಕಾರಗಳು.

ನೀನು ಕಳಿಸಿದ ಫ್ಲೆಕ್ಸಿನ ಫೋಟೊ ನೋಡಿದೆ. ಶಿಕಾರಿಪುರದ ಸಂತೆ ಮೈದಾನದ ಎದುರು ಅಷ್ಟೆತ್ತರಕ್ಕೆ ನಿಂತಿದ್ದೇನೆ. ಪಿಯುಸಿ ಹಾಲ್ ಟಿಕೆಟಿನ ಅದೇ ಪೆಚ್ಚು ಮುಖ, ಕೆಳಗೆ 'ಆನವಟ್ಟಿಯ ಹೆಮ್ಮೆ, ಭಾವಿ ವಿಜ್ಞಾನಿ ಕುಮಾರಿ ಶೃತಿ ಗಂಗಾಧರಪ್ಪ'. ಮೊದಲು ನಗು ಬಂತು, ಆಮೇಲೆ ಫೋಟೊ ಮುಚ್ಚಿಬಿಟ್ಟೆ. ಇಪ್ಪತ್ನಾಲ್ಕಕ್ಕೆ ಸಮಾಜದ ಪ್ರತಿಭಾ ಪುರಸ್ಕಾರಕ್ಕೆ ಬಾ, ಶಾಲು ಹೊದಿಸಿಕೊಂಡು ಬಾಯಿ ಬಿಡದೆ ಕೆಳಗಿಳಿ, ಅರ್ಧ ಗಂಟೆಯ ಕೆಲಸ ಅಂದೆಯಲ್ಲ. ಆಗುವುದಿಲ್ಲ ಅಮ್ಮ. ಫೋನಿನಲ್ಲಿ ಇದನ್ನು ಹೇಳಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಹೂಂ ಅಂದುಬಿಡುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎಲ್ಲ ಶುರುವಾಗಿದ್ದು ಆ ಪ್ರವೇಶ ಪತ್ರದಿಂದ. ಮೇಲೆ ಯೂನಿವರ್ಸಿಟಿಯ ಹೆಸರು ದಪ್ಪಕ್ಷರದಲ್ಲಿತ್ತು. ಇಲ್ಲಿ ಓದಿದವರೆಲ್ಲ ಲ್ಯಾಬಿನಲ್ಲಿ ಬಿಳಿ ಕೋಟು ಹಾಕುವವರೇ ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅಪ್ಪಾಜಿ ಓದಿದ್ದು ಅದೊಂದೇ ಸಾಲು. 'ಚಿತ್ರಕಲಾ ವಿಭಾಗ' ಅಂತ ಇಂಗ್ಲಿಷಿನಲ್ಲಿದ್ದ ಕೆಳಗಿನ ಸಾಲಿಗೆ ಅವರ ಕಣ್ಣು ಇಳಿಯಲೇ ಇಲ್ಲ. ಸಂಜೆಯೊಳಗೆ ಲ್ಯಾಮಿನೇಟ್ ಮಾಡಿಸಿ ಅಂಗಡಿಯಲ್ಲಿ ಗೊಬ್ಬರದ ಲೈಸೆನ್ಸಿನ ಪಕ್ಕ ತೂಗುಹಾಕಿದರು, ಬೀಜ ಕೊಳ್ಳಲು ಬಂದವರಿಗೆಲ್ಲ ಪೇಡಾ ಕೊಟ್ಟರು. ಎರಡು ವರ್ಷದಿಂದ ನಿಜ ಅಲ್ಲೇ ಗೋಡೆ ಮೇಲೆ ನೇತಾಡುತ್ತಿದೆ, ಒಬ್ಬರೂ ಓದಿಲ್ಲ. ಅವತ್ತೇ ತಿದ್ದಬೇಕಿತ್ತು. ಪೇಡಾ ಹಿಡಿದು ನಿಂತ ಅವರ ಮುಖ ನೋಡಿ ನನ್ನ ನಾಲಿಗೆ ಏಳಲಿಲ್ಲ. ಮೊದಲ ದಸರಾ ರಜೆಯಲ್ಲಿ ನನ್ನ ಉಗುರಿನ ಸಂದಿಯ ಬಣ್ಣ ನೋಡಿ ನೀನು ಕೇಳಿದಾಗ ನಿನಗೊಬ್ಬಳಿಗೆ ಹೇಳಿದೆ. ಹೇಳಿಬಿಡೋಣ ಅಂದೆ ನೀನು. ಬೇಡ ಅಂತ ಕಾಲು ಹಿಡಿದವಳು ನಾನು. ಈಗ ನೋಡಿದರೆ ಮುಚ್ಚಿಡು ಅಂತ ನೀನೇ ಬೇಡಿಕೊಳ್ಳುತ್ತಿದ್ದೀಯ.

ಇಲ್ಲಿ ನಮ್ಮನ್ನು ಯಾರೂ ತಲೆ ಮೇಲೆ ಕೂರಿಸಿಕೊಂಡಿಲ್ಲ, ಅದೂ ನಿನಗೆ ಗೊತ್ತಿರಲಿ. ಹಳೇ ಕೆಮಿಸ್ಟ್ರಿ ಲ್ಯಾಬನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಮೇಜಿನ ಮೇಲೆ ಗ್ಯಾಸಿನ ನಲ್ಲಿಗಳು ಇನ್ನೂ ಇವೆ, ಆಸಿಡ್ ತಿಂದ ಸಿಂಕಿನಲ್ಲಿ ಕುಂಚ ತೊಳೆಯುತ್ತೇವೆ. ಇಡೀ ವಿಭಾಗಕ್ಕೆ ನಾವು ಹದಿನಾಲ್ಕು ಜನ. ಕ್ಯಾಂಪಸ್ಸಿನಲ್ಲಿ ಏನೇ ಸಮಾರಂಭ ನಡೆಯಲಿ, ರಂಗೋಲಿ ಹಾಕಲು ನಮ್ಮ ನೆನಪಾಗುತ್ತದೆ. ಮೊನ್ನೆ ಫಿಸಿಕ್ಸಿನ ಹುಡುಗನೊಬ್ಬ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಹೇಳಿದ. ನಿನ್ನ ಮೊಬೈಲಿನ ವಾಲ್‌ಪೇಪರ್ ಬಿಡಿಸಿದವರು ಯಾರು ಮಾರಾಯ ಅಂತ ಕೇಳಿದೆ, ಮೊಬೈಲನ್ನು ಜೇಬಿಗಿಟ್ಟುಕೊಂಡ. ಇಲ್ಲಿ ನನಗೆ ಬಾಯಿ ಇದೆ ಅಮ್ಮ. ಆನವಟ್ಟಿಯ ಬಸ್ಸು ಹತ್ತಿದೊಡನೆ ಅದಕ್ಕೆ ಬೀಗ ಬೀಳುತ್ತದೆ.

ಆ ಬೀಗದಿಂದ ಏನಾಯಿತು ಅನ್ನುವುದನ್ನು ನಿನಗೂ ಹೇಳಿಲ್ಲ. ಅಪ್ಪಾಜಿ ಅಂಗಡಿಯಿಂದ ಫೋನ್ ಮಾಡಿ, ಸ್ಪೀಕರ್ ಹಾಕಿ, ಬೆಂಚಿನ ಮೇಲೆ ಕೂತ ರೈತರ ಎದುರೇ ಜೋಳದ ಹುಳಕ್ಕೆ ಏನು, ಅಡಿಕೆ ಕೊಳೆಗೆ ಏನು ಅಂತ ಕೇಳುತ್ತಾರಲ್ಲ. ನನ್ನ ರೂಮಿನ ಮಮತಾ ನಿಜವಾದ ಸಸ್ಯಶಾಸ್ತ್ರದವಳು. ಅವಳನ್ನು ಕೇಳಿ ನಾನು ಹೇಳುತ್ತಿದ್ದೆ. ಕಳೆದ ತಿಂಗಳು ಅವಳು ಊರಿಗೆ ಹೋಗಿದ್ದಾಗ ಹೊಸಬಾಳೆಯ ಗೋಪಾಲಪ್ಪನವರ ಶುಂಠಿ ಹಳದಿಯಾಗುತ್ತಿದೆ ಅಂತ ಫೋನ್ ಬಂತು. ಗೊತ್ತಿಲ್ಲ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಅನ್ನಲಿಲ್ಲ. ಮೊಬೈಲಿನಲ್ಲಿ ಕಂಡದ್ದನ್ನು ಅರ್ಧಂಬರ್ಧ ಓದಿ ಔಷಧಿಯ ಒಂದು ಅಳತೆ ಹೇಳಿಬಿಟ್ಟೆ. ಅಷ್ಟು ಹಾಕಬಹುದೇನೇ ಅಂತ ಅಪ್ಪಾಜಿ ಒಂದು ಸಲ ಕೇಳಿದರು. ಮೂವತ್ತು ವರ್ಷ ಔಷಧಿ ಮಾರಿದ ಮನುಷ್ಯ ತಮ್ಮ ಅಂದಾಜು ಬಿಟ್ಟು ನನ್ನ ಮಾತು ನಂಬಿದರು. ನಾಲ್ಕು ದಿನಕ್ಕೆ ಎಂಟು ಮಡಿ ಶುಂಠಿ ಸುಟ್ಟು ಕರಕಲಾಯಿತು.

ಗೋಪಾಲಪ್ಪನವರು ಜಗಳಕ್ಕೆ ಬರಲಿಲ್ಲ. ಅಂಗಡಿಗೆ ಬಂದು ಕೂತು ಹೇಳಿದರಂತೆ: "ಆ ಕೂಸು ಸರಿಯಾಗೇ ಹೇಳಿರ್ತದೆ ಗಂಗಾಧರಪ್ಪ. ನಾನೇ ಅಳತೆ ತಪ್ಪಿರ್ಬೇಕು."

ಅಪ್ಪಾಜಿ ಇದನ್ನು ನನಗೆ ಹೆಮ್ಮೆಯಿಂದ ಹೇಳಿದರು. ನಾನು ಬಾತ್‌ರೂಮಿಗೆ ಹೋಗಿ ಬಾಯಿಗೆ ಟವೆಲು ಒತ್ತಿಕೊಂಡು ಅತ್ತೆ. ಇನ್ನೊಬ್ಬರ ಬೆಳೆ ಸುಡುವ ಮರ್ಯಾದೆ ನನಗೆ ಬೇಡ. ಅದಕ್ಕೊಂದು ಶಾಲು ಬೇರೆ.

ಆದರೆ ಒಂದು ಮಾತು ಅಮ್ಮ, ನಾನು ಸುಳ್ಳು ಹೇಳಿದ್ದಕ್ಕೆ ತಲೆ ತಗ್ಗಿಸುತ್ತೇನೆಯೇ ಹೊರತು ಚಿತ್ರ ಬಿಡಿಸುವುದಕ್ಕಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಈ ವರ್ಷ ನಾನು ಬಿಡಿಸಿದ್ದು ಅಂಗಡಿಯ ಬೆಂಚಿನ ಜನರನ್ನೇ, ಒಬ್ಬೊಬ್ಬರನ್ನೂ ಆಳೆತ್ತರಕ್ಕೆ. ಕನ್ನಡಕ ಹಣೆಗೇರಿಸಿ, ಬೀಜದ ಪೊಟ್ಟಣವನ್ನು ಕಿವಿ ಹತ್ತಿರ ಅಲ್ಲಾಡಿಸುವ ಅಪ್ಪಾಜಿಯೂ ಇದ್ದಾರೆ. ಅವರ ಹೆಬ್ಬೆರಳು ಸರಿಬರಲು ಹನ್ನೊಂದು ದಿನ ಹಿಡಿಯಿತು. ನಮ್ಮ ಚಿತ್ರಗಳನ್ನು ನೋಡಲು ಬಂದ ಗಣಿತದ ಮೇಷ್ಟ್ರೊಬ್ಬರು ಅಪ್ಪಾಜಿಯ ಚಿತ್ರದ ಮುಂದೆ ತುಂಬಾ ಹೊತ್ತು ನಿಂತು, ಇವರು ಮಾತು ಕಡಿಮೆ ಆಡ್ತಾರೆ ಅಲ್ವಾ ಅಂತ ಕೇಳಿದರು. ನನಗೆ ಅಷ್ಟು ಸಾಕಾಯಿತು. ಇದೇ ನನ್ನ ಕೆಲಸ. ಇದಕ್ಕೆ ಯಾರ ಅಪ್ಪಣೆಯನ್ನೂ ನಾನು ಕೇಳುತ್ತಿಲ್ಲ.

ಸಮಾಜದ ಕಾರ್ಯದರ್ಶಿ ಶಿವಮೂರ್ತಪ್ಪನವರು ಆಮಂತ್ರಣ ಹಂಚಿ ಆಗಿದೆ ಅಂದರಂತೆ. ಹಂಚಲಿ. ಅವತ್ತು ಬರುತ್ತೇನೆ, ಹೆಸರು ಕೂಗಿದರೆ ವೇದಿಕೆಯನ್ನೂ ಹತ್ತುತ್ತೇನೆ. ಹತ್ತಿದ ಮೇಲೆ ಮೈಕು ಹಿಡಿದು, ನಾನು ಓದುತ್ತಿರುವುದು ಚಿತ್ರಕಲೆ, ವಿಜ್ಞಾನಿಗೆ ತಂದ ಶಾಲು ನನಗೆ ಹೊದಿಸಬೇಡಿ ಅನ್ನುತ್ತೇನೆ. ಜನ ಆಡಿಕೊಳ್ಳುತ್ತಾರೆ ಅಂತ ನೀನು ಹೆದರುತ್ತೀಯ. ಆಡಿಕೊಳ್ಳಲಿ ಬಿಡು, ಎರಡು ದಿನ ಆಡಿ ಮೂರನೇ ದಿನ ಅವರಿಗೇ ಬೇಜಾರಾಗುತ್ತದೆ.

ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ.

ಇಂತಿ ನಿನ್ನ ಮಗಳು,
ಶೃತಿ
ಮೂರನೇ ವರ್ಷ, ಚಿತ್ರಕಲಾ ವಿಭಾಗ

ತಾ.ಕ.: ಅಮ್ಮ, ಕವರಿನ ಮೇಲೆ ನಿನ್ನ ಹೆಸರಿದ್ದರೂ ವಿಳಾಸ ಅಂಗಡಿಯದು. ಬೇಕೆಂದೇ ಹಾಗೆ ಬರೆದೆ. ಅಂಗಡಿಗೆ ಬಂದ ಟಪಾಲು ಯಾರ ಹೆಸರಿನದೇ ಆಗಲಿ, ಒಡೆದು ಓದದೆ ಮನೆಗೆ ತರುವವರಲ್ಲ ಅವರು. ಅಪ್ಪಾಜಿ, ಇಲ್ಲಿಯವರೆಗೂ ಓದಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನಿಗೆ ಒಂದು ಮಾತೂ ಅನ್ನಬೇಡಿ, ತಪ್ಪು ನನ್ನದು. ಗೋಪಾಲಪ್ಪನವರಿಗೆ ನೀವು ಹೇಳುವುದು ಬೇಡ, ಅವರ ಅಳತೆ ತಪ್ಪಿರಲಿಲ್ಲ ಅಂತ ನಾನೇ ಅವರೆದುರು ನಿಂತು ಹೇಳಬೇಕು. ಇಪ್ಪತ್ಮೂರನೇ ತಾರೀಕು ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತೇನೆ. ನೀವು ಬೈಕು ತಂದಿದ್ದರೆ ಇಬ್ಬರೂ ಕೂಡಿ ಹೊಸಬಾಳೆಗೆ ಹೋಗೋಣ. ತರದಿದ್ದರೆ ಒಬ್ಬಳೇ ಹೋಗುತ್ತೇನೆ, ದಾರಿ ನನಗೆ ಗೊತ್ತು.