ಹಳೇ ಸೀರೆ ಹುಡುಕಬೇಡಿ

ಇವರೆ,

ಧಾತ್ರಿ ಏಳುವ ಮೊದಲೇ ಬನವಾಸಿಯ ತಂಗಿ ಮನೆಗೆ ಹೊರಟಿದ್ದೇನೆ. ಅಲ್ಲಿ ಪೂಜೆ ಇದೆ ಎಂದು ನಿನ್ನೆ ಹೇಳಿದ್ದು ಸುಳ್ಳು. ನಿಜ ಹೇಳಿದ್ದರೆ ನೀವು ಬಿಡುತ್ತಿರಲಿಲ್ಲ.

ಎಮ್ಮೆ ಕರೆದಾಯಿತು. ಅನ್ನ, ಒಂದೆಲಗದ ತಂಬುಳಿ ಮಾಡಿಟ್ಟಿದ್ದೇನೆ. ಮಗಳು ಕಾರವಾರದಿಂದ ಹತ್ತೂವರೆಗೆ ಬರುತ್ತಾಳೆ. ಧಾತ್ರಿಗೆ ಅವಳಮ್ಮ ಸುಮನಾನೇ ಬಡಿಸಲಿ, ಜಡೆಯನ್ನೂ ಅವಳೇ ಹಾಕಲಿ. ಬೈತಲೆ ಸೊಟ್ಟಗಾದರೆ ಆಗಲಿ. "ಅಮ್ಮಮ್ಮ ಹಿಂಗೆ ಹಾಕ್ತಿಲ್ಲೆ" ಎಂದು ನೀವು ಬಾಯಿ ಹಾಕಬೇಡಿ.

ಹೋದ ತಿಂಗಳು ಕೂಸು ಜಗಲಿಯಿಂದ ಬಿದ್ದಾಗ, ಎತ್ತಿಕೊಳ್ಳಲು ಬಂದ ತಾಯಿಯನ್ನು ದಾಟಿ ನನ್ನ ಹತ್ತಿರ ಓಡಿ ಬಂತು. ನಾನೂ ಬಾಚಿ ಎತ್ತಿಕೊಂಡೆ. ತಪ್ಪು ನನ್ನದೇ. ಎರಡು ದಿನಕ್ಕೆಂದು ಬಂದವಳು ಅವತ್ತು ಸಂಜೆಯ ಬಸ್ಸಿಗೇ ಹೊರಟಳು. ಈ ಸಲ ಕೂಸು ಅತ್ತರೆ ನೀವು ಕುರ್ಚಿ ಬಿಟ್ಟು ಏಳಬೇಡಿ.

ಧಾತ್ರಿ ಹಿಡಿದುಕೊಂಡು ಮಲಗುವ ನನ್ನ ಹಳೇ ಸೀರೆ ನನ್ನ ಚೀಲದಲ್ಲಿದೆ, ಹುಡುಕಬೇಡಿ. ಹಠ ಮಾಡಿದರೆ ಸುಮನಾ ತನ್ನ ವೇಲು ಕೊಡಲಿ.

ನಿಮ್ಮ ಬಿ.ಪಿ. ಮಾತ್ರೆ ಸಕ್ಕರೆ ಡಬ್ಬಿಯ ಮೇಲಿದೆ.

ಭಾನುವಾರ ಅವಳು ಬಸ್ಸು ಹತ್ತಿದ ಮೇಲೆ ಫೋನ್ ಮಾಡಿ. ಕೂಸು ನನ್ನನ್ನು ಕೇಳಿದ್ದರೆ ಹೇಳಿ. ಒಂದು ಸಲವೂ ಕೇಳದಿದ್ದರೆ, ಎಮ್ಮೆಯ ವಿಷಯ ಮಾತಾಡಿ ಇಟ್ಟುಬಿಡಿ.